ದಾಖಲೆ ಕೇಳಿದವರೇ ಕಾಯಬೇಕು

ಪುತ್ತೂರು, ಸುಳ್ಯ, ಕಡಬದ ವಿದ್ಯಾರ್ಥಿಗಳ ವೈಯಕ್ತಿಕ ಮಾಹಿತಿ ಎಷ್ಟು ಸುರಕ್ಷಿತ?

ಕಡಬ ತಾಲೂಕಿನ ಯುವಕರೊಬ್ಬರು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ದುಡಿಯುತ್ತಿದ್ದರು. 2022ರಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ ಫೋನು, ಸಿಮ್ ಕೊಳ್ಳುವಾಗ ಹೆಬ್ಬೆರಳಿನ ಗುರುತು ಕೊಟ್ಟರು. ಆಮೇಲೆ ಬಂದ ಕರೆಯೊಂದನ್ನು ನಂಬಿ ಒಟಿಪಿಯನ್ನೂ ಹೇಳಿದರು. ಅವರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಬ್ಯಾಂಕ್ ಖಾತೆಯೊಂದು ಹುಟ್ಟಿಕೊಂಡಿತು. ಬೇರೊಬ್ಬ ಮಹಿಳೆಯಿಂದ ದೋಚಿದ ಹಣ ಆ ಖಾತೆಯ ಮೂಲಕ ಹಾದುಹೋಯಿತು. ಪೊಲೀಸರ ಕೈಗೆ ಸಿಕ್ಕಿದ್ದು ಇವರ ಹೆಸರು ಮಾತ್ರ. ವರ್ಷಕ್ಕೆ ಸಮೀಪ ಜೈಲಿನಲ್ಲಿದ್ದು, ಊರಿನವರು, ಗೆಳೆಯರು, ಜನಪ್ರತಿನಿಧಿಗಳು ಓಡಾಡಿದ ಮೇಲೆ 2023ರ ನವೆಂಬರ್‌ನಲ್ಲಿ ಮನೆಗೆ ಮರಳಿದರು.

ಅವರು ವಿದ್ಯಾರ್ಥಿಯಲ್ಲ. ಆದರೂ ನಮ್ಮ ವಿದ್ಯಾರ್ಥಿಗಳ ಮಾಹಿತಿಯ ಸುರಕ್ಷತೆಯ ಮಾತನ್ನು ಅವರ ಪ್ರಕರಣದಿಂದಲೇ ಆರಂಭಿಸಬೇಕಾಗಿದೆ. ಪುತ್ತೂರು, ಸುಳ್ಯ, ಕಡಬದ ಮಕ್ಕಳು ಓದು ಮುಗಿಸಿ ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು. ಅವರು ಜತೆಯಲ್ಲಿ ಒಯ್ಯುವ ಆಸ್ತಿ ಎಂದರೆ ತಮ್ಮ ಹೆಸರು ಮತ್ತು ಆ ಹೆಸರಿಗೆ ಅಂಟಿದ ದಾಖಲೆಗಳು. ಆ ಹೆಸರನ್ನು ಬೇರೆ ಯಾರೋ ಬಳಸಿದರೆ ಎಷ್ಟು ದೊಡ್ಡ ದಂಡ ತೆರಬೇಕಾಗುತ್ತದೆ ಎಂಬುದನ್ನು ಈ ಪ್ರಕರಣ ತೋರಿಸಿದೆ. ಗುರುತಿನ ಕಳವು ಆಗುವುದಕ್ಕೆ ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಒಂದನೇ ತರಗತಿಗೆ ಸೇರುವ ದಿನದಿಂದಲೇ ನಮ್ಮ ಮಕ್ಕಳ ದಾಖಲೆಗಳು ಕೈಯಿಂದ ಕೈಗೆ ಸಾಗುತ್ತವೆ.

ಈ ವಿಷಯ ಬಂದಾಗಲೆಲ್ಲ ನಾವು ಮಕ್ಕಳಿಗೂ ಪೋಷಕರಿಗೂ ಬುದ್ಧಿ ಹೇಳುತ್ತೇವೆ: ಒಟಿಪಿ ಕೊಡಬೇಡಿ, ಲಿಂಕ್ ಒತ್ತಬೇಡಿ. ಆ ಮಾತು ಬೇಕು, ಆದರೆ ಅದೊಂದೇ ಸಾಲದು. ಮಗುವಿನ ಮಾಹಿತಿಯನ್ನು ಕೇಳುವ ಶಾಲೆ, ಕಾಲೇಜು, ಇಲಾಖೆ, ಸೈಬರ್ ಸೆಂಟರ್ ಅಷ್ಟೂ ಮಂದಿ ಅದನ್ನು ಕಾಯುವ ಹೊಣೆಯನ್ನೂ ಹೊರಬೇಕು. ಬೇಕಾದಷ್ಟೇ ಕೇಳಬೇಕು, ಕೇಳಿದ್ದನ್ನು ಕಾಪಾಡಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ನಮ್ಮ ಮೂರು ತಾಲೂಕುಗಳಲ್ಲಿ ಈಗಿನ ಸ್ಥಿತಿ ಏನು, ಅಪಾಯ ಎಲ್ಲಿದೆ, ಕಾನೂನು ಎಲ್ಲಿಯವರೆಗೆ ಬಂದಿದೆ, ಊರಿನಲ್ಲಿ ಏನು ಮಾಡಲು ಸಾಧ್ಯ ಎಂಬುದನ್ನು ಇಲ್ಲಿ ನೋಡೋಣ.

ಒಂದು ಮಗು, ಹತ್ತಾರು ಸಂಖ್ಯೆ

ಸರಕಾರಿ ಶಾಲೆಗೆ ಸೇರಿದ ಮಗುವಿಗೆ ಮೊದಲು ಸಿಗುವುದು ಸ್ಯಾಟ್ಸ್ ಸಂಖ್ಯೆ. ರಾಜ್ಯದ ವಿದ್ಯಾರ್ಥಿ ಸಾಧನೆಯ ಜಾಡು ಹಿಡಿಯುವ ವ್ಯವಸ್ಥೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಜಾತಿ, ತಂದೆ ತಾಯಿಯ ಹೆಸರು, ವಿಳಾಸ, ಫೋನ್ ನಂಬರ್ ಸೇರುತ್ತವೆ. ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆ ಇನ್ನೊಂದು ಶಾಶ್ವತ ಶಿಕ್ಷಣ ಸಂಖ್ಯೆ ಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲಿ 'ಅಪಾರ್' ಎಂಬ 12 ಅಂಕಿಗಳ ಗುರುತು ಬಂದಿದೆ. ಅದಕ್ಕೆ ಆಧಾರ್ ಬೇಕು, ಪೋಷಕರ ಒಪ್ಪಿಗೆ ಪತ್ರ ಬೇಕು, ಅದು ಡಿಜಿಲಾಕರ್‌ಗೆ ಜೋಡಣೆಯಾಗುತ್ತದೆ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಕೇಂದ್ರದ ಎನ್‌ಎಸ್‌ಪಿ ಇದೆ. ಅಲ್ಲಿ ವಿದ್ಯಾರ್ಥಿಯ ಮತ್ತು ಪೋಷಕರ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಬಸ್ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಕೆಎಸ್‌ಆರ್‌ಟಿಸಿ ಪುತ್ತೂರು ವಿಭಾಗದ ಕೌಂಟರಿನಲ್ಲಿ ಪಾಸು ಪಡೆಯಬೇಕು. ಹಾಸ್ಟೆಲ್ ಸೇರುವವರಿಗೆ ಬೇರೆ ಅರ್ಜಿ. ಸಿಇಟಿ ಬರೆಯುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಲಾಗಿನ್, ಪದವಿ ಸೇರಿದವರಿಗೆ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ವ್ಯವಸ್ಥೆಯ ಲಾಗಿನ್. ಹದಿನೆಂಟು ತುಂಬುವ ಮೊದಲೇ ಒಬ್ಬ ವಿದ್ಯಾರ್ಥಿಯ ಜಾತಕವನ್ನೆಲ್ಲ ಹತ್ತು ಕಡೆ ಬರೆದಿಡಲಾಗಿರುತ್ತದೆ.

ಇವುಗಳಲ್ಲಿ ಹೆಚ್ಚಿನವು ಒಳ್ಳೆಯ ಉದ್ದೇಶದಿಂದ ಬಂದವು ಎಂಬುದನ್ನು ಮರೆಯಬಾರದು. ಶಾಲೆ ಬಿಟ್ಟ ಮಗುವನ್ನು ಪತ್ತೆ ಮಾಡಲು, ವಿದ್ಯಾರ್ಥಿವೇತನ ನೇರ ಖಾತೆಗೆ ತಲಪಿಸಲು, ಅಂಕಪಟ್ಟಿ ಕಳೆದರೆ ಮತ್ತೆ ಪಡೆಯಲು ಇವು ನೆರವಾಗಿವೆ. ಅಪಾಯ ಇರುವುದು ಈ ಮಾಹಿತಿ ಮನೆಯಿಂದ ಪೋರ್ಟಲ್‌ಗೆ ಸೇರುವ ದಾರಿಯಲ್ಲಿ.

ಮನೆಯಿಂದ ಪೋರ್ಟಲ್‌ವರೆಗೆ

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಚಿತ್ರವೊಂದು ದೇಶದಾದ್ಯಂತ ಹರಿದಾಡಿತ್ತು. ಸುರಿವ ಮಳೆಯಲ್ಲಿ ರಸ್ತೆ ಬದಿ ಕುಳಿತು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು, ತಂದೆ ಕೊಡೆ ಹಿಡಿದು ನಿಂತಿದ್ದರು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಲೆನಾಡಿಗೆ ತಾಗಿಕೊಂಡ ಈ ಭಾಗದ ಹಲವು ಊರುಗಳಲ್ಲಿ ಇಂದಿಗೂ ಸಂಪರ್ಕ ಎಲ್ಲ ಕಡೆ ಒಂದೇ ಸಮನಿಲ್ಲ. ಮನೆಯಲ್ಲಿ ಕುಳಿತು ಅರ್ಜಿ ತುಂಬಲಾಗದವರು ಪೇಟೆಗೆ ಬರುತ್ತಾರೆ. ಪುತ್ತೂರಿನ ದರ್ಬೆ, ಬೊಳುವಾರು, ಸುಳ್ಯದ ಪೇಟೆ, ಕಡಬ, ಸುಬ್ರಹ್ಮಣ್ಯ, ಎಲ್ಲಿಗೆ ಹೋದರೂ ಕೆಲಸ ನಡೆಯುವುದು ಸೈಬರ್ ಸೆಂಟರಿನಲ್ಲಿ ಅಥವಾ ಜೆರಾಕ್ಸ್ ಅಂಗಡಿಯಲ್ಲಿ.

ಅಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಆಧಾರ್ ಕಾರ್ಡು, ಪಾಸ್‌ಪುಸ್ತಕದ ಮೊದಲ ಪುಟ, ಅಂಕಪಟ್ಟಿಯ ಚಿತ್ರಗಳನ್ನು ಅಂಗಡಿಯವರ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸುತ್ತೇವೆ. ಅವು ಆ ಫೋನಿನಲ್ಲೂ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲೂ ಉಳಿಯುತ್ತವೆ. ಮಗುವಿಗೆ ಇಮೇಲ್ ಇಲ್ಲದಿದ್ದರೆ ಅಂಗಡಿಯವರೇ ಒಂದನ್ನು ತೆರೆಯುತ್ತಾರೆ. ಪಾಸ್‌ವರ್ಡ್ ನೆನಪಿರುವುದಿಲ್ಲ ಎಂಬ ಕಾಳಜಿಯಿಂದ ಎಲ್ಲರಿಗೂ ಒಂದೇ ಬಗೆಯ ಪಾಸ್‌ವರ್ಡ್ ಇಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರು ಊರಿನ ಪರಿಚಿತರು, ರಾತ್ರಿಯವರೆಗೆ ಕುಳಿತು ಬಡವರ ಮಕ್ಕಳ ಅರ್ಜಿ ತುಂಬಿ ಕೊಟ್ಟವರು. ಅವರ ಪ್ರಾಮಾಣಿಕತೆಯ ಬಗ್ಗೆ ಸಂಶಯಪಡಬೇಕಾಗಿಲ್ಲ. ಆದರೆ ಆ ಕಂಪ್ಯೂಟರಿಗೆ ಒಂದು ಕೆಟ್ಟ ಪೆನ್‌ಡ್ರೈವ್ ತಾಗಿದರೆ, ಕೆಲಸಕ್ಕಿದ್ದ ಹುಡುಗ ಆ ಪುಸ್ತಕದ ಫೋಟೊ ತೆಗೆದುಕೊಂಡರೆ, ನೂರಾರು ಮನೆಗಳ ಮಾಹಿತಿ ಒಮ್ಮೆಲೇ ಹೊರಗೆ ಹೋಗುತ್ತದೆ.

ಎರಡನೆಯ ದಾರಿ ತರಗತಿಯ ವಾಟ್ಸ್‌ಆ್ಯಪ್ ಗುಂಪು. ಕೋವಿಡ್ ಕಾಲದಲ್ಲಿ ಪಾಠಕ್ಕಾಗಿ ಹುಟ್ಟಿದ ಈ ಗುಂಪುಗಳಲ್ಲಿ ಈಗ ದಾಖಲೆಗಳೂ ಓಡಾಡುತ್ತವೆ. 'ಸ್ಯಾಟ್ಸ್‌ನಲ್ಲಿ ಹೆಸರು ತಪ್ಪಾದವರು ಆಧಾರ್ ಕಳಿಸಿ' ಎಂದು ಟೀಚರ್ ಬರೆದರೆ ಕೆಲವರು ಟೀಚರಿಗೆ ಪ್ರತ್ಯೇಕವಾಗಿ ಕಳಿಸುತ್ತಾರೆ, ಹಲವರು ಗುಂಪಿಗೇ ಹಾಕುತ್ತಾರೆ. ಇಡೀ ತರಗತಿಯ ಹೆಸರು, ಖಾತೆ ಸಂಖ್ಯೆ ಇರುವ ಪಟ್ಟಿಯೇ ತಿದ್ದುಪಡಿಗಾಗಿ ಗುಂಪಿಗೆ ಬಂದು ಬೀಳುವುದೂ ಉಂಟು. ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಗಡುವು ಮೇಲಿನಿಂದ ಬರುತ್ತದೆ, ಶಾಲೆಯಲ್ಲಿ ಗುಮಾಸ್ತರಿಲ್ಲ, ಇರುವುದು ಟೀಚರ್ ತಮ್ಮ ದುಡ್ಡಿನಲ್ಲಿ ಕೊಂಡ ಫೋನು.

ಮೂರನೆಯದು ಫೋನ್ ನಂಬರಿನದು. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹದಿನೆಂಟು ತುಂಬದವರಿಗೆ ಸಿಮ್ ಮಾರುವಂತಿಲ್ಲ, ಹಾಗಾಗಿ ಮಕ್ಕಳ ಎಲ್ಲ ಖಾತೆಗಳಿಗೂ ಪೋಷಕರ ನಂಬರೇ ಆಧಾರ. ನಮ್ಮ ಊರುಗಳಲ್ಲಿ ಯಾವ ಕಂಪೆನಿಯ ಸಿಗ್ನಲ್ ಸಿಗುತ್ತದೋ ಅದಕ್ಕೆ ಸಿಮ್ ಬದಲಿಸುವುದು ಸಾಮಾನ್ಯ. ಹಳೆಯ ನಂಬರಿಗೆ ರಿಚಾರ್ಜ್ ನಿಂತು ಅದು ರದ್ದಾದ ಮೇಲೆ, 90 ದಿನಗಳ ಅವಧಿ ಕಳೆದರೆ ಕಂಪೆನಿ ಅದನ್ನು ಬೇರೆ ಗ್ರಾಹಕರಿಗೆ ಕೊಡಬಹುದು. ಎಸ್‌ಎಸ್‌ಪಿಯಲ್ಲೂ ಬ್ಯಾಂಕಿನಲ್ಲೂ ಹಳೆಯ ನಂಬರೇ ಉಳಿದಿದ್ದರೆ ಮಗುವಿನ ಒಟಿಪಿ ಬರುವುದು ಯಾವುದೋ ಊರಿನ ಅಪರಿಚಿತರ ಫೋನಿಗೆ.

ಇದರ ಮೇಲೆ ಕೆಲವು ಕುಟುಂಬಗಳಿಗೆ ಹೆಚ್ಚಿನ ಹೊರೆ ಇದೆ. ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುವ, 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಜಾತಿ ಪ್ರಮಾಣಪತ್ರಕ್ಕಾಗಿಯೇ ಬಹುಕಾಲ ಹೋರಾಡಿದವು. ದಾಖಲೆ ಸರಿಯಿಲ್ಲದವರು ಹೆಚ್ಚು ಬಾರಿ ಕಾಗದ ಕೊಡಬೇಕಾಗುತ್ತದೆ, ಹೆಚ್ಚು ಮಂದಿಯ ಕೈ ಹಿಡಿಯಬೇಕಾಗುತ್ತದೆ. ಮಾಹಿತಿ ಸೋರುವ ಅಪಾಯವೂ ಅವರಿಗೇ ಹೆಚ್ಚು. ಇನ್ನು ಕಡಬ ಪ್ರತ್ಯೇಕ ತಾಲೂಕಾದರೂ ಜಿಲ್ಲೆಯ ಏಳು ಶೈಕ್ಷಣಿಕ ವಲಯಗಳ ಲೆಕ್ಕದಲ್ಲಿ ಅದರ ಶಾಲೆಗಳು ಪುತ್ತೂರು ಮತ್ತು ಸುಳ್ಯ ವಲಯಗಳಿಗೆ ಹಂಚಿಹೋದವು. ದೂರು, ತಿದ್ದುಪಡಿ ಎಂದಾಗ ಯಾವ ಕಚೇರಿಗೆ ಹೋಗಬೇಕೆಂಬ ಗೊಂದಲ ಪೋಷಕರಿಗೆ ಬರುವುದು ಸಹಜ.

ಕದ್ದ ಗುರುತಿನಿಂದ ಏನು ಮಾಡುತ್ತಾರೆ?

'ನಮ್ಮ ಮಕ್ಕಳ ಮಾಹಿತಿ ತೆಗೆದುಕೊಂಡು ಯಾರಿಗೇನು ಲಾಭ' ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕಣ್ಣೆದುರಿಗಿದೆ.

ಮೊದಲನೆಯದು ಸೀಟು. 2024ರ ನವೆಂಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಬೆಂಗಳೂರಿನ ಮಲ್ಲೇಶ್ವರ ಠಾಣೆಗೆ ದೂರು ನೀಡಿತು. ಎಂಜಿನಿಯರಿಂಗ್ ಸೀಟು ಹಂಚಿಕೆಯಲ್ಲಿ, ಸೇರುವ ಮನಸ್ಸಿಲ್ಲದ ಅಭ್ಯರ್ಥಿಗಳ ಲಾಗಿನ್ ವಿವರ ಬಳಸಿ ಬೇರೆಯವರು ಆಯ್ಕೆ ದಾಖಲಿಸಿ ಸೀಟುಗಳನ್ನು ಹಿಡಿದಿಟ್ಟಿದ್ದರು ಎಂಬುದು ಆರೋಪ. ಡಿಸೆಂಬರ್‌ನಲ್ಲಿ ಪೊಲೀಸರು ಹತ್ತು ಮಂದಿಯನ್ನು ಬಂಧಿಸಿದರು. ಅವರಲ್ಲಿ ಪ್ರಾಧಿಕಾರದಲ್ಲೇ ಕೆಲಸ ಮಾಡುತ್ತಿದ್ದವರೂ ಇದ್ದರು. ವಿದ್ಯಾರ್ಥಿಯ ಯೂಸರ್ ಐಡಿ, ಪಾಸ್‌ವರ್ಡ್ ಎಂದರೆ ಲಕ್ಷಾಂತರ ರೂಪಾಯಿ ಬೆಲೆಯ ಸೀಟು ಎಂಬುದು ಆಗ ರಾಜ್ಯಕ್ಕೇ ಗೊತ್ತಾಯಿತು. ಸಿಇಟಿ ಅರ್ಜಿಯನ್ನು ಸೈಬರ್ ಸೆಂಟರಿನಲ್ಲಿ ತುಂಬಿಸಿ ಪಾಸ್‌ವರ್ಡನ್ನು ಅಲ್ಲೇ ಬಿಟ್ಟು ಬರುವ ನಮ್ಮ ಮಕ್ಕಳಿಗೆ ಈ ಪ್ರಕರಣ ನೇರವಾಗಿ ಸಂಬಂಧಿಸಿದ್ದು.

ಎರಡನೆಯದು ವಿದ್ಯಾರ್ಥಿವೇತನ. ಜಾರ್ಖಂಡ್‌ನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಹೆಸರಿನ ವೇತನವನ್ನು ದಲ್ಲಾಳಿಗಳು, ಬ್ಯಾಂಕ್ ಪ್ರತಿನಿಧಿಗಳು, ಶಾಲೆಯವರು ಸೇರಿ ನುಂಗಿದ್ದನ್ನು 2020ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಯಲು ಮಾಡಿತು. 2023ರಲ್ಲಿ ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂದವು. ಐದು ವರ್ಷಗಳಲ್ಲಿ ಸುಮಾರು 144 ಕೋಟಿ ರೂಪಾಯಿ ಹೀಗೆ ಹೋಗಿದೆ ಎಂಬ ಅಂದಾಜಿನೊಂದಿಗೆ ತನಿಖೆ ಸಿಬಿಐಗೆ ಹೋಯಿತು. ಮಗುವಿನ ಹೆಸರು, ಆಧಾರ್, ಬೆರಳಚ್ಚು ಕೈಗೆ ಸಿಕ್ಕರೆ ಇಂಥ ಮೋಸ ಸುಲಭ.

ಮೂರನೆಯದು ಬೆರಳಚ್ಚು. ಇದು ನಮ್ಮ ಜಿಲ್ಲೆಯದೇ ಪಾಠ. 2023ರಲ್ಲಿ ಮಂಗಳೂರಿನಲ್ಲಿ ಉಪನೋಂದಣಿ ಕಚೇರಿಗೆ ಹೋಗಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಒಟಿಪಿಯನ್ನೂ ಕೇಳದೆ ಹಣ ಹೋಯಿತು. ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ವಂಚಕರು ಹಣ ತೆಗೆದಿದ್ದರು. ಆ ಅಕ್ಟೋಬರ್‌ನಲ್ಲಿ ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಸರಕಾರಿ ದಾಖಲೆಯಲ್ಲಿದ್ದ ಮಾತ್ರಕ್ಕೆ ಗುರುತು ಸುರಕ್ಷಿತವಲ್ಲ ಎಂಬುದನ್ನು ದಕ್ಷಿಣ ಕನ್ನಡ ಬೇಗನೇ ಕಲಿತಿದೆ. ಪಾಸ್‌ವರ್ಡ್ ಕಳೆದುಹೋದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ನಾಲ್ಕನೆಯದು ಸಿಮ್ ಮತ್ತು ಖಾತೆಯ ಬಾಡಿಗೆ. 2024ರ ಫೆಬ್ರವರಿಯಲ್ಲಿ ಪಕ್ಕದ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ, ನೇತ್ರಾವತಿ ಸ್ನಾನಘಟ್ಟದ ಬಳಿ ಪೊಲೀಸರು 42 ಸಿಮ್ ಕಾರ್ಡುಗಳೊಂದಿಗೆ ಯುವಕರ ತಂಡವೊಂದನ್ನು ಹಿಡಿದರು. ಬೇರೆಯವರ ಹೆಸರಿನ ಸಿಮ್‌ಗೆ ಸೈಬರ್ ವಂಚಕರ ಮಾರುಕಟ್ಟೆಯಲ್ಲಿ ಬೇಡಿಕೆ ಇದೆ. ಬ್ಯಾಂಕ್ ಖಾತೆಗೆ ಅದಕ್ಕಿಂತಲೂ ಹೆಚ್ಚು. 'ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ತೆಗೆದು ಕೊಟ್ಟರೆ ಸಾಕು, ನಿನಗೂ ಪಾಲಿದೆ' ಎಂಬ ಮಾತಿಗೆ ಮರುಳಾಗಿ ಎಟಿಎಂ ಕಾರ್ಡು, ಸಿಮ್ ಒಪ್ಪಿಸುವ ಕಾಲೇಜು ಹುಡುಗರು ದೇಶದ ಎಲ್ಲ ಕಡೆ ಇದ್ದಾರೆ. ಇಂಥ ಖಾತೆಗಳನ್ನು ಪತ್ತೆ ಹಚ್ಚಲೆಂದೇ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನೋವೇಶನ್ ಹಬ್ 'ಮ್ಯೂಲ್‌ಹಂಟರ್' ಎಂಬ ವ್ಯವಸ್ಥೆ ರೂಪಿಸಿದೆ. ಖಾತೆ ಸ್ತಂಭನವಾಗುವುದು, ದೂರದ ರಾಜ್ಯದ ಪೊಲೀಸರ ನೋಟಿಸು ಮನೆಗೆ ಬರುವುದು ಖಾತೆಯ ಮಾಲೀಕನಿಗೆ. ಇಲ್ಲಿ ಗುರುತನ್ನು ಯಾರೂ ಕದ್ದಿಲ್ಲ, ಹುಡುಗನೇ ಕೊಟ್ಟದ್ದು ಎನ್ನಬಹುದು. ಆದರೆ ಅದರ ಬೆಲೆ ಏನೆಂದು ಹೇಳಿಕೊಡದೆ ಬೆಳೆಸಿದ್ದು ನಾವು.

ಐದನೆಯದು ಮಾಹಿತಿಯ ಸಗಟು ವ್ಯಾಪಾರ. ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ಗೊತ್ತಿಲ್ಲದ ಕಾಲೇಜುಗಳ ಏಜೆಂಟರು ಮಗುವಿನ ಹೆಸರು ಹಿಡಿದು ಕರೆ ಮಾಡುವುದು ನಮ್ಮೆಲ್ಲರ ಅನುಭವ. 2023ರ ಏಪ್ರಿಲ್ ಆರಂಭದಲ್ಲಿ ಹೈದರಾಬಾದಿನ ಸೈಬರಾಬಾದ್ ಪೊಲೀಸರು ಬಂಧಿಸಿದ ಒಬ್ಬನ ಬಳಿ 24 ರಾಜ್ಯಗಳ 66.9 ಕೋಟಿ ಜನರ ಮಾಹಿತಿ ಇತ್ತು. ಅದರಲ್ಲಿ ಆನ್‌ಲೈನ್ ಪಾಠದ ಕಂಪೆನಿಗಳ ವಿದ್ಯಾರ್ಥಿಗಳ ವಿವರವೂ ಇತ್ತು ಎಂದು ಪೊಲೀಸರು ಹೇಳಿದರು. 2020ರಲ್ಲಿ ಬೆಂಗಳೂರಿನ ಅನ್‌ಅಕಾಡೆಮಿ ತನ್ನ ಸುಮಾರು 1.1 ಕೋಟಿ ಕಲಿಕಾರ್ಥಿಗಳ ಮೂಲ ಮಾಹಿತಿ ಸೋರಿದ್ದನ್ನು ಒಪ್ಪಿಕೊಂಡಿತ್ತು. ಸರಕಾರದ 'ದೀಕ್ಷಾ' ವೇದಿಕೆಯ ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ರಕ್ಷಣೆಯಿಲ್ಲದ ಸರ್ವರಿನಲ್ಲಿ ತೆರೆದುಕೊಂಡಿದ್ದುದು 2023ರ ಜನವರಿಯಲ್ಲಿ ಬೆಳಕಿಗೆ ಬಂತು.

ಇಂಥ ಪಟ್ಟಿಯೊಂದು ವಂಚಕನ ಕೈಯಲ್ಲಿದ್ದರೆ ಅವನ ಕರೆಗೆ ಬಲ ಬರುತ್ತದೆ. 'ನಿಮ್ಮ ಮಗಳು ಇಂಥ ಶಾಲೆಯಲ್ಲಿ ಎಂಟನೇ ತರಗತಿ ಅಲ್ಲವೇ, ವಿದ್ಯಾರ್ಥಿವೇತನ ಮಂಜೂರಾಗಿದೆ, ವಾಟ್ಸ್‌ಆ್ಯಪ್‌ಗೆ ಬಂದ ಕೋಡ್ ಸ್ಕ್ಯಾನ್ ಮಾಡಿ' ಎಂದರೆ ನಂಬದಿರುವುದು ಕಷ್ಟ. ಮಗಳ ಹೆಸರು, ಶಾಲೆ, ತರಗತಿ ಎಲ್ಲ ಸರಿಯಾಗಿಯೇ ಇರುತ್ತದೆ. ಮೋಸ ಹೋದ ತಾಯಿಯನ್ನು 'ಇಷ್ಟೂ ಗೊತ್ತಾಗುವುದಿಲ್ಲವೇ' ಎಂದು ಬೈಯುವ ಮೊದಲು, ಆ ವಿವರ ಅವನಿಗೆ ಹೇಗೆ ಸಿಕ್ಕಿತು ಎಂದು ನಾವು ಕೇಳಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಅಪಾಯವಿದೆ. ಕಾಲೇಜಿನ ಐಡಿ ಕಾರ್ಡಿನ ಚಿತ್ರ, ಕಾರ್ಯಕ್ರಮದ ಫೋಟೊ ಇಟ್ಟುಕೊಂಡು ಅವರ ಹೆಸರಿನಲ್ಲಿ ನಕಲಿ ಇನ್‌ಸ್ಟಾಗ್ರಾಂ ಖಾತೆ ತೆರೆದರೆ ಆಗುವ ಹಾನಿಯನ್ನು ಹಣದಲ್ಲಿ ಅಳೆಯಲಾಗದು. ಯಾರು ಯಾರೊಂದಿಗೆ ಬಸ್ ನಿಲ್ದಾಣದಲ್ಲಿ ಮಾತಾಡಿದರು ಎಂಬುದನ್ನೂ ಚಿತ್ರ ತೆಗೆದು ಹಂಚುವ ಚಾಳಿ ಇರುವ ಕರಾವಳಿಯಲ್ಲಿ, ವಿದ್ಯಾರ್ಥಿನಿಯ ಹೆಸರು, ಊರು, ತರಗತಿಯನ್ನು ಗುಟ್ಟಾಗಿಡುವುದು ಆಕೆಯ ಸುರಕ್ಷತೆಯ ಪ್ರಶ್ನೆ.

ತಡವಾಗಿ ತಿಳಿಯುವ ನಷ್ಟ

ದೊಡ್ಡವರ ಗುರುತು ಕಳವಾದರೆ ಬ್ಯಾಂಕಿನ ಸಂದೇಶ ಬಂದು ಬೇಗ ತಿಳಿಯುತ್ತದೆ. ಮಕ್ಕಳದು ಹಾಗಲ್ಲ. ಹತ್ತು ವರ್ಷದ ಮಗುವಿನ ಹೆಸರಿನಲ್ಲಿ ಯಾರೂ ಸಾಲದ ಇತಿಹಾಸ ಹುಡುಕುವುದಿಲ್ಲ. ಮುಂದೆ ಶಿಕ್ಷಣ ಸಾಲಕ್ಕೆ, ಪಾಸ್‌ಪೋರ್ಟಿಗೆ, ಮೊದಲ ಕೆಲಸದ ಸಂಬಳದ ಖಾತೆಗೆ ಹೋದಾಗಲಷ್ಟೇ ತೊಡಕು ಕಾಣಿಸುತ್ತದೆ. ಅಷ್ಟರಲ್ಲಿ ತಪ್ಪು ಎಲ್ಲಿ ಆಯಿತೆಂದು ಹುಡುಕುವುದೂ ಕಷ್ಟ. ಅಮೆರಿಕದಲ್ಲಿ ಇದು ಎಷ್ಟು ಬೆಳೆಯಿತೆಂದರೆ, ಹದಿನಾರರೊಳಗಿನ ಮಕ್ಕಳ ಹೆಸರಿನಲ್ಲಿ ಯಾರೂ ಸಾಲ ತೆಗೆಯದಂತೆ ಪೋಷಕರು ಉಚಿತವಾಗಿ ತಡೆ ಹಾಕಿಸಲು 2018ರ ಸೆಪ್ಟೆಂಬರ್‌ನಿಂದ ಕಾನೂನೇ ಅವಕಾಶ ಕೊಟ್ಟಿದೆ.

ಹಳೆಯ ದಾಖಲೆಗಳನ್ನು ಅಳಿಸದೆ ಇಟ್ಟುಕೊಳ್ಳುವುದರ ಪರಿಣಾಮ 2024ರ ಡಿಸೆಂಬರ್‌ನಲ್ಲಿ ಉತ್ತರ ಅಮೆರಿಕದಲ್ಲಿ ಕಂಡಿತು. ಪವರ್‌ಸ್ಕೂಲ್ ಎಂಬ ಕಂಪೆನಿಯ ತಂತ್ರಾಂಶದಲ್ಲಿ ಸಾವಿರಾರು ಶಾಲೆಗಳು ಮಕ್ಕಳ ವಿವರ ಇಟ್ಟಿದ್ದವು. ಕದ್ದ ಲಾಗಿನ್ ಒಂದರಿಂದ ಒಳಹೊಕ್ಕು ಆರು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ದೋಚಿದ್ದು 19ರ ಹರೆಯದ ಕಾಲೇಜು ವಿದ್ಯಾರ್ಥಿ. 2025ರ ಅಕ್ಟೋಬರ್‌ನಲ್ಲಿ ಅವನಿಗೆ ನಾಲ್ಕು ವರ್ಷ ಸೆರೆಯಾಯಿತು. ಕೆನಡಾದ ಟೊರೊಂಟೊ ಶಾಲಾ ಮಂಡಳಿಯಲ್ಲಿ ಹೊರಹೋದ ಮಾಹಿತಿ 1985ರಷ್ಟು ಹಿಂದಿನದು. ಶಾಲೆ ಬಿಟ್ಟು ನಲವತ್ತು ವರ್ಷಕ್ಕೆ ಸಮೀಪವಾದವರೂ ಬಲಿಯಾದರು. ಅಳಿಸಬೇಕಾದ್ದನ್ನು ಅಳಿಸಿದ್ದರೆ ಕಳ್ಳನಿಗೆ ಅಷ್ಟು ಸಿಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷದ ಸೆಪ್ಟೆಂಬರ್ 26ರ ಆಧಾರ್ ತೀರ್ಪು ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಆಧಾರ್ ಇಲ್ಲವೆಂದು ಮಗುವಿಗೆ ಸೌಲಭ್ಯ ನಿರಾಕರಿಸುವಂತಿಲ್ಲ ಎಂದಿತು. ಹದಿನೆಂಟು ತುಂಬಿದ ಆರು ತಿಂಗಳೊಳಗೆ ಬೇಡವೆಂದವರು ಆಧಾರ್ ರದ್ದು ಮಾಡಿಸಬಹುದು ಎಂಬ ಅವಕಾಶ 2019ರ ತಿದ್ದುಪಡಿಯಲ್ಲಿ ಬಂತು.

ಗುರುತು ಕದ್ದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂನಡಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಬೇರೆಯವರ ವೇಷದಲ್ಲಿ ಕಂಪ್ಯೂಟರ್, ಫೋನ್ ಮೂಲಕ ವಂಚಿಸಿದರೆ 66ಡಿ.

ಮಾಹಿತಿ ಸಂಗ್ರಹಿಸಿದವರ ಹೊಣೆಯನ್ನು ಹೇಳುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಹದಿನೆಂಟರೊಳಗಿನ ಎಲ್ಲರೂ ಈ ಕಾಯ್ದೆಗೆ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಮಕ್ಕಳಿಗೆ ಸಂಬಂಧಿಸಿದ ಕಟ್ಟುಪಾಡು ಮುರಿದರೆ 200 ಕೋಟಿ, ಭದ್ರತೆಯಲ್ಲಿ ಲೋಪವಾಗಿ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಆದರೆ ನಮ್ಮ ಶಾಲೆಗಳ ಮಟ್ಟಕ್ಕೆ ಬಂದಾಗ ಕೆಲವು ಬಿರುಕುಗಳು ಕಾಣುತ್ತವೆ. ಸೌಲಭ್ಯ, ಪ್ರಮಾಣಪತ್ರ, ವಿದ್ಯಾರ್ಥಿವೇತನ ಕೊಡಲು ಸರಕಾರ ಮಾಹಿತಿ ಬಳಸುವುದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕಾಗಿಲ್ಲ. ಪಾಠ ಮತ್ತು ಮಕ್ಕಳ ಸುರಕ್ಷತೆಗಾಗಿ ನಿಗಾ ಇಡುವ ಶಾಲೆಗಳಿಗೂ ಕೆಲವು ವಿನಾಯಿತಿಗಳಿವೆ. ಭದ್ರವಾಗಿ ಇಡುವ ಹೊಣೆಯಿಂದ ಮಾತ್ರ ಅವರಿಗೂ ಬಿಡುಗಡೆ ಇಲ್ಲ. ಈ ಕೊನೆಯ ವಾಕ್ಯವನ್ನು ಪ್ರತಿ ಶಾಲೆಯ ಆಡಳಿತ ಮಂಡಳಿಯೂ ಗಮನಿಸಬೇಕು.

ಇನ್ನೊಂದು ಪ್ರಸಂಗವನ್ನೂ ಮರೆಯಬಾರದು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ನಕಲನ್ನು ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು ಎಚ್ಚರಿಸಿತು. ತಪ್ಪಾಗಿ ಅರ್ಥೈಸಲಾಗುತ್ತಿದೆ ಎಂದು ಎರಡೇ ದಿನಗಳಲ್ಲಿ ಕೇಂದ್ರ ಸರಕಾರ ಆ ಸೂಚನೆಯನ್ನು ಹಿಂದೆಗೆದುಕೊಂಡಿತು. ಮಾಸ್ಕ್ಡ್ ಆಧಾರ್ ಸೌಲಭ್ಯ ಆಗಲೂ ಇತ್ತು, ಈಗಲೂ ಇದೆ. ಹಳ್ಳಿಯ ಜನರಿಗೆ ತಲಪಬೇಕಾಗಿದ್ದ ಒಳ್ಳೆಯ ಸಲಹೆಯೊಂದು ಅಂದು ಅರ್ಧದಲ್ಲೇ ನಿಂತಿತು.

'ಇದೆಲ್ಲ ಆಗುವ ಮಾತೇ?'

ಶಿಕ್ಷಕರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಮಾಹಿತಿ ತಡವಾದರೆ ಬಡ ಮಗುವಿನ ವಿದ್ಯಾರ್ಥಿವೇತನ ತಪ್ಪುತ್ತದೆ, ಆಗ ಯಾರು ಹೊಣೆ? ಮಾಹಿತಿಯನ್ನೇ ಕೊಡಬೇಡಿ ಎಂದರೆ ನಷ್ಟವಾಗುವುದು ಅದೇ ಮಕ್ಕಳಿಗೆ. ಆದ್ದರಿಂದ ಕೊಡುವ ಬಗೆ ಬದಲಾಗಬೇಕು. ಗುಂಪಿಗೆ ಕಳಿಸುವ ಬದಲು ಶಾಲೆಗೆ ಬಂದು ತೋರಿಸಿದರೆ, ಟೀಚರ್ ಪೋರ್ಟಲ್‌ನಲ್ಲಿ ನೇರ ತುಂಬಿ ಕಾಗದ ಮರಳಿಸಿದರೆ, ಗಡುವು ತಪ್ಪುವುದಿಲ್ಲ, ಮಾಹಿತಿಯೂ ಉಳಿಯುತ್ತದೆ. ಇದಕ್ಕೆ ಶಾಲೆಗೆ ಒಂದು ಕಂಪ್ಯೂಟರ್, ಒಂದು ಇಂಟರ್‌ನೆಟ್ ಸಂಪರ್ಕ, ಮತ್ತು ಸ್ವಲ್ಪ ಸಮಯ ಬೇಕು. ಅದನ್ನು ಒದಗಿಸದೆ ಗಡುವು ಮಾತ್ರ ಕೊಡುವ ಇಲಾಖೆಯೇ ಸೋರಿಕೆಗೆ ದಾರಿ ಮಾಡುತ್ತದೆ.

ಸೈಬರ್ ಸೆಂಟರ್ ಇಲ್ಲದೆ ನಮ್ಮ ಊರು ನಡೆಯುವುದಿಲ್ಲ ಎಂಬುದೂ ನಿಜ. ಅವುಗಳನ್ನು ಮುಚ್ಚಿಸುವ ಮಾತು ಬೇಡ. ಗ್ರಾಮ ಒನ್, ಪಂಚಾಯತ್‌ನ ಬಾಪೂಜಿ ಸೇವಾ ಕೇಂದ್ರ, ಗ್ರಂಥಾಲಯದ ಅರಿವು ಕೇಂದ್ರ ಇವುಗಳ ಜತೆ ಖಾಸಗಿ ಅಂಗಡಿಗಳನ್ನೂ ಸೇರಿಸಿಕೊಂಡು ಒಂದು ಕಟ್ಟುಪಾಡು ರೂಪಿಸುವುದು ಹೆಚ್ಚು ಪ್ರಯೋಜನಕಾರಿ.

ಊರಿನಲ್ಲೇ ಆಗಬೇಕಾದ್ದು

ಶಾಲೆ, ಕಾಲೇಜುಗಳು ಮೊದಲು ತಮ್ಮ ಪ್ರವೇಶ ಅರ್ಜಿಯನ್ನು ಮತ್ತೊಮ್ಮೆ ಓದಲಿ. ಯಾವ ಕಾಲಂ ಯಾವ ಕೆಲಸಕ್ಕೆ ಬೇಕು ಎಂದು ಹೇಳಲಾಗದಿದ್ದರೆ ಆ ಕಾಲಂ ತೆಗೆಯಲಿ. ಆಧಾರ್ ನಕಲು ಬೇಕಾದಲ್ಲಿ ಮಾಸ್ಕ್ಡ್ ಆಧಾರ್ ಸಾಕೇ ಎಂದು ನೋಡಲಿ. ಅಪಾರ್‌ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಅದು ಐಚ್ಛಿಕ ಎಂಬುದನ್ನು ಕನ್ನಡದಲ್ಲಿ ಹೇಳಲಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರ ಫ್ಲೆಕ್ಸ್ ಹಾಕುವಾಗ ರಿಜಿಸ್ಟರ್ ನಂಬರ್, ಹುಟ್ಟಿದ ದಿನ ಬೇಡ. ಅವೆರಡು ತಿಳಿದರೆ ಯಾರು ಬೇಕಾದರೂ ಇಡೀ ಅಂಕಪಟ್ಟಿ ತೆರೆಯಬಹುದು. ವರ್ಷಕ್ಕೊಮ್ಮೆ ಶಾಲೆಯ ಕಂಪ್ಯೂಟರ್, ಶಿಕ್ಷಕರ ಫೋನಿನಿಂದ ಹಳೆಯ ಚಿತ್ರ, ಪಟ್ಟಿಗಳನ್ನು ಅಳಿಸುವ ಒಂದು ದಿನವನ್ನು ಗೊತ್ತು ಮಾಡಲಿ.

ಸೈಬರ್ ಸೆಂಟರಿನವರು ಗಿರಾಕಿಯ ಎದುರೇ ಫೈಲು ಅಳಿಸಲಿ. ವಿದ್ಯಾರ್ಥಿಯೇ ಪಾಸ್‌ವರ್ಡ್ ಟೈಪ್ ಮಾಡಲಿ, ಅಂಗಡಿಯ ಪುಸ್ತಕದಲ್ಲಿ ಅದು ಬೇಡ. ಅರ್ಜಿಗೆ ಅಂಗಡಿಯ ಇಮೇಲ್, ಫೋನ್ ನಂಬರ್ ಕೊಡುವುದನ್ನು ನಿಲ್ಲಿಸಲಿ. ಹೀಗೆ ನಡೆದುಕೊಳ್ಳುವ ಅಂಗಡಿಗಳ ಹೆಸರನ್ನು ಪಂಚಾಯತ್ ಫಲಕದಲ್ಲಿ ಹಾಕಿದರೆ ಜನ ಅಲ್ಲಿಗೇ ಹೋಗುತ್ತಾರೆ, ಅಂಗಡಿಗೂ ಲಾಭ.

ಪೋಷಕರು ಮಾಡಬಹುದಾದ್ದು ಕೆಲವು ಇವೆ. ಸಿಮ್ ಬದಲಿಸಿದ ವಾರದಲ್ಲೇ ಬ್ಯಾಂಕ್, ಆಧಾರ್, ಎಸ್‌ಎಸ್‌ಪಿಯಲ್ಲಿ ನಂಬರ್ ಬದಲಿಸಿ. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿ, ಬೇಕಾದಾಗ ತೆರೆಯಿರಿ. ಆಧಾರನ್ನು ಯಾರು ಎಲ್ಲಿ ಬಳಸಿದರು ಎಂಬ ಪಟ್ಟಿಯೂ ಅಲ್ಲಿ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಿ. ವಿದ್ಯಾರ್ಥಿವೇತನದ ಹಣ ಬರಬೇಕಾದರೆ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಅಂಥ ಕರೆ ಬಂದರೆ ಕಡಿದು, ನೇರ ಶಾಲೆಗೆ ಫೋನ್ ಮಾಡಿ ಕೇಳಿ.

ಹದಿನೆಂಟು ತುಂಬಿದ ವಿದ್ಯಾರ್ಥಿಗಳು ತಮ್ಮ ಸಾಲದ ಇತಿಹಾಸವನ್ನು ಒಮ್ಮೆ ನೋಡಿಕೊಳ್ಳಲಿ. ಸಾಲ ಮಾಹಿತಿ ಕಂಪೆನಿಗಳು ವರ್ಷಕ್ಕೊಮ್ಮೆ ಉಚಿತ ವರದಿ ಕೊಡಬೇಕೆಂಬ ನಿಯಮ ಇದೆ. ಗೆಳೆಯನಿಗೇ ಆದರೂ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡಬೇಡಿ.

ಏನಾದರೂ ನಡೆದುಹೋದರೆ ನಾಚಿಕೆಪಟ್ಟು ಮುಚ್ಚಿಡಬಾರದು. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಎಷ್ಟು ಬೇಗ ಕರೆ ಹೋಗುತ್ತದೋ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಆಧಾರ್‌ಗೆ ಸಂಬಂಧಿಸಿದ ದೂರಿಗೆ 1947. ಸ್ಥಳೀಯ ಠಾಣೆಯಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಯಲ್ಲೂ ದೂರು ಕೊಡಬಹುದು. ಹಣ ಹೋಗದಿದ್ದರೂ, ದಾಖಲೆ ದುರ್ಬಳಕೆಯಾದ ಸಂಶಯ ಬಂದರೆ ದೂರು ಕೊಟ್ಟು ಅದರ ಒಂದು ಪ್ರತಿ ಕೈಯಲ್ಲಿರಲಿ. ನಾಳೆ ಬೇರೆ ಊರಿನ ಪೊಲೀಸರು ಬಂದು ನಿಂತಾಗ 'ಇದು ನಾನಲ್ಲ' ಎನ್ನಲು ಅದೇ ಆಧಾರ.

ದಕ್ಷಿಣ ಕನ್ನಡ ತನ್ನ ಹಲವು ಶಾಲೆಗಳನ್ನು ಸರಕಾರಕ್ಕಾಗಿ ಕಾಯದೆ ಊರವರೇ ಕಟ್ಟಿ ಬೆಳೆಸಿದ ಜಿಲ್ಲೆ. ಮಕ್ಕಳ ಮಾಹಿತಿಯ ರಕ್ಷಣೆಗೂ ಕಾಯ್ದೆಯ ಕಾಲಾವಕಾಶ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರು ಎದ್ದು ನಿಂತು ಮೂರು ಪ್ರಶ್ನೆ ಕೇಳಲಿ: ನಮ್ಮ ಮಕ್ಕಳ ಯಾವ ಯಾವ ದಾಖಲೆ ನಿಮ್ಮಲ್ಲಿದೆ? ಅದನ್ನು ಯಾರು ಯಾರು ನೋಡಬಹುದು? ಯಾವಾಗ ಅಳಿಸುತ್ತೀರಿ? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಲಿ. ಮುಂದಿನ ವರ್ಷದ ಸಭೆಯಲ್ಲಿ ಅದೇ ಪುಟ ತೆರೆದು, ಹೇಳಿದ್ದು ನಡೆಯಿತೇ ಎಂದು ಮತ್ತೆ ಕೇಳಲಿ.